ಬೇಸಿಗೆಯ ತರಗತಿಗಳೂ ಬಾರದ ಉಪಾಧ್ಯಾಯರೂ

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ಹೆದ್ದಾರಿಯಲ್ಲಿ ಕಡಿಯಾಳಿಯನ್ನು ಹಾದುಹೋಗುವ ವಾಚಕರಿಗೆ ಏಪ್ರಿಲ್ ತಿಂಗಳ ನೋಟವನ್ನು ನಾವು ವರ್ಣಿಸಿ ಹೇಳಬೇಕಾದುದಿಲ್ಲ. ಶ್ರೀ ಮಹಿಷಮರ್ದಿನಿಯ ದೇವಸ್ಥಾನದ ಆಸುಪಾಸಿನಿಂದ ಕುಂಜಿಬೆಟ್ಟಿನವರೆಗೆ ಗೋಡೆಗಳ ಮೇಲೂ ಕಂಬಗಳ ಮೇಲೂ ಬೇಸಿಗೆ ಶಿಬಿರಗಳ ಜಾಹೀರಾತುಗಳು ಮೆರೆಯುತ್ತಿರುತ್ತವೆ. ಗಣಿತಕ್ಕೆ ಒಂದು, ಇಂಗ್ಲಿಷಿಗೆ ಒಂದು, ವಿಜ್ಞಾನಕ್ಕೆ ಒಂದು, ಹತ್ತನೆಯ ತರಗತಿಗೆ ಕಾಲಿಡುವವರಿಗೆ ಬೇರೆಯೇ ಒಂದು. ಮೇ ತಿಂಗಳ ನಡುವಿಗೆ ಅದೇ ಕಾಗದಗಳು ಬಿಸಿಲಿಗೆ ಮಾಸಿ ಜೋತುಬಿದ್ದಿರುತ್ತವೆ. ಇವುಗಳಲ್ಲಿ ಎಷ್ಟು ಶಿಬಿರಗಳು ಹೇಳಿದಂತೆ ನಡೆದವು, ಎಷ್ಟು "ಅನಿವಾರ್ಯ ಕಾರಣಗಳಿಂದ" ಹಿಂದಿನ ದಿನ ನಿಂತುಹೋದವು ಎಂಬ ಲೆಕ್ಕವನ್ನು ಇಟ್ಟವರು ಮಾತ್ರ ಯಾರೂ ಇಲ್ಲ.

ಈ "ಅನಿವಾರ್ಯ ಕಾರಣ"ವೆಂಬುದು ನಮ್ಮ ಸಾರ್ವಜನಿಕ ಜೀವನದಲ್ಲಿ ಬಹಳ ಉಪಯೋಗಕ್ಕೆ ಬರುವ ಮಾತು. ಅದನ್ನು ಬರೆದವನು ಕಾರಣವನ್ನು ಹೇಳಬೇಕಾಗಿಲ್ಲ. ಓದಿದವನು ಕೇಳುವಂತೆಯೂ ಇಲ್ಲ. ಬೇಸಿಗೆಯ ತರಗತಿಗಳ ಮಟ್ಟಿಗೆ ಅದನ್ನು ಬಿಡಿಸಿ ನೋಡಿದರೆ ಹೆಚ್ಚಿನ ಪಕ್ಷ ಒಂದೇ ಸಂಗತಿ ಹೊರಬೀಳುವುದು: ಕಲಿಸುವವರು ದೊರೆಯಲಿಲ್ಲ. ಜಾಹೀರಾತು ಹಚ್ಚುವಾಗ ದೊರೆತಿದ್ದರೇ? ಆಗಲೂ ಇರಲಿಲ್ಲ. ದೊರೆಯುವರೆಂಬ ನಂಬಿಕೆಯೊಂದು ಇದ್ದಿತು, ಅಷ್ಟೇ.

ಹಣ ತೆತ್ತು ಸೇರುವ ಖಾಸಗಿ ಶಿಬಿರವೊಂದು ನಿಂತರೆ, ಹಣವಾದರೂ ಹಿಂದಿರುಗಿದಲ್ಲಿ, ಕೆಲವು ಮನೆಗಳಿಗೆ ಬೇಸರವಾಗುವುದು. ತಾಯಿತಂದೆಗಳಿಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಒಂದು ವಾರ ಪೇಚಾಟವಾಗುವುದು. ಆ ಮೇಲೆ ಮರೆತುಹೋಗುವುದು. ಆದರೆ ಸರಕಾರವೇ ಸಾರಿದ, ಶುಲ್ಕವಿಲ್ಲದ, ಪರೀಕ್ಷೆಯಲ್ಲಿ ಎಡವಿದ ಮಕ್ಕಳಿಗಾಗಿಯೇ ಇರುವ ತರಗತಿಯು ನಿಂತರೆ ಆ ಮಗುವಿನ ಒಂದು ವರ್ಷವೇ ಅಲುಗಾಡುತ್ತದೆ. ನಾವು ಇಂದು ಮುಖ್ಯವಾಗಿ ಈ ಎರಡನೆಯ ಬಗೆಯ ವಿಷಯವನ್ನೇ ವಾಚಕರ ಮುಂದೆ ಇಡಬೇಕೆಂದಿದ್ದೇವೆ.

2024ರಲ್ಲಿ ನಡೆದುದನ್ನು ಸ್ಮರಿಸೋಣ. ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳೆಂಬ ಪದ್ಧತಿಯು ನಮ್ಮ ರಾಜ್ಯದಲ್ಲಿ ಮೊದಲು ಜಾರಿಗೆ ಬಂದುದು ಆ ವರ್ಷ. ಮೊದಲ ಪರೀಕ್ಷೆಯ ಫಲಿತಾಂಶವು ಮೇ 9ರಂದು ಪ್ರಕಟವಾಯಿತು. ಕುಳಿತವರು 8,59,967 ಮಂದಿ. ತೇರ್ಗಡೆಯಾದವರು 6,31,204 ಮಂದಿ. ಹಿಂದಿನ ವರ್ಷ ನೂರಕ್ಕೆ 83.89 ಇದ್ದ ತೇರ್ಗಡೆಯು 73.40ಕ್ಕೆ ಇಳಿದಿದ್ದಿತು, ಅದೂ ಕೃಪಾಂಕವನ್ನು ನೂರಕ್ಕೆ 20ರವರೆಗೆ ಏರಿಸಿದ ಮೇಲೆ! ಉಳಿದ 2,28,763 ಮಕ್ಕಳಿಗೆ ಎರಡನೆಯ ಪರೀಕ್ಷೆಯು ಜೂನ್ 7ರಿಂದ ನಡೆಯುವುದೆಂದು ಗೊತ್ತಾಗಿದ್ದಿತು. ಅದಕ್ಕೆ ಮುಂಚೆ, ಮೇ 15ರಿಂದ ಜೂನ್ 5ರವರೆಗೆ, ಶಾಲೆಗಳಲ್ಲಿ ವಿಶೇಷ ತರಗತಿಗಳನ್ನು ನಡೆಸಬೇಕೆಂದು ಇಲಾಖೆಯು ಅಪ್ಪಣೆ ಹೊರಡಿಸಿತು.

ಉದ್ದೇಶವು ಸ್ತುತ್ಯವಾದುದೇ. ಆದರೆ ಬೇಸಿಗೆಯ ರಜೆಯು ಮೇ 28ರವರೆಗೆ ಇರುವುದೆಂದು ಸಾರಿದವರು ಯಾರು? ಅದೇ ಇಲಾಖೆಯವರು. ಲೋಕಸಭೆಯ ಚುನಾವಣೆಯು ಏಪ್ರಿಲ್ 26 ಮತ್ತು ಮೇ 7ರಂದು ಎರಡು ಹಂತಗಳಲ್ಲಿ ನಡೆದು, ಮತಗಟ್ಟೆಗಳ ಕೆಲಸದಲ್ಲಿ ದುಡಿದ ಉಪಾಧ್ಯಾಯರು ಆಗ ತಾನೇ ಊರು ಸೇರಿಕೊಂಡಿದ್ದರು. ರಜೆಯನ್ನು ಹೀಗೆ ಏಕಾಏಕಿ ಕಿತ್ತುಕೊಳ್ಳಬಾರದೆಂದು ಉಪಾಧ್ಯಾಯರ ಸಂಘಗಳು ಪ್ರತಿಭಟಿಸಿದವು. ತರಗತಿಗಳು ತೊಡಗಬೇಕಾಗಿದ್ದ ಹೊತ್ತಿಗೆ ಅಪ್ಪಣೆಯೇ ಬದಲಾಯಿತು: ತರಗತಿಗಳು ಮೇ 29ರಿಂದ ಜೂನ್ 13ರವರೆಗೆ, ಪರೀಕ್ಷೆಯು ಜೂನ್ 14ರಿಂದ. ಮೊದಲು ಹೇಳಿದ 22 ದಿನಗಳು 16 ಆದವು. ಆ 16 ದಿನಗಳೂ ಶಾಲೆಗಳು ಪುನಃ ತೆರೆದು, ಹೊಸ ಮಕ್ಕಳ ಸೇರ್ಪಡೆ, ಪುಸ್ತಕಗಳ ಹಂಚಿಕೆ, ಬಿಸಿಯೂಟದ ಏರ್ಪಾಡು ಎಂದು ಉಪಾಧ್ಯಾಯರು ತಲೆಯೆತ್ತಲಾಗದ ದಿನಗಳು. ಎರಡನೆಯ ಪರೀಕ್ಷೆಯ ಫಲಿತಾಂಶವು ಜುಲೈ ತಿಂಗಳಲ್ಲಿ ಬಂದಾಗ, 2,23,293 ಮಂದಿಯಲ್ಲಿ ತೇರ್ಗಡೆಯಾದವರು 69,275 ಮಂದಿ ಮಾತ್ರ, ನೂರಕ್ಕೆ 31.02.

ಆರು ದಿನಗಳ ಪಾಠ ಕಡಿಮೆಯಾದುದರಿಂದಲೇ ನೂರಕ್ಕೆ 69 ಮಂದಿ ಸೋತರೆಂದು ನಾವು ಹೇಳುವುದಿಲ್ಲ. ಹತ್ತು ವರ್ಷಗಳ ಪಾಠ ಮಾಡದುದನ್ನು ಹದಿನೈದು ದಿನಗಳ ಪಾಠ ಮಾಡೀತೆಂಬ ಭ್ರಮೆಯೂ ನಮಗಿಲ್ಲ. ಆದರೆ ಮೇ 15ರ ಬೆಳಿಗ್ಗೆಗಾಗಿ ಚೀಲವನ್ನು ಸಿದ್ಧಮಾಡಿಟ್ಟ ಹುಡುಗನ ವಿಷಯವನ್ನು ಯೋಚಿಸಬೇಕು. ಅವನು ಆಗಲೇ ಒಮ್ಮೆ ಸೋತವನು. ಮನೆಯಲ್ಲಿ ಒಂದು ಮಾತು, ನೆರೆಯಲ್ಲಿ ಒಂದು ಮಾತು ಕೇಳಿದವನು. "ಮಾವನ ಗ್ಯಾರೇಜಿಗೆ ಹೋಗು" ಎನ್ನುವ ತಂದೆಯನ್ನು ಬೇಡಿಕೊಂಡು, "ಶಾಲೆಯಲ್ಲಿ ತರಗತಿ ಉಂಟಂತೆ, ಇನ್ನೊಂದು ಸಲ ನೋಡುತ್ತೇನೆ" ಎಂದು ಒಪ್ಪಿಸಿದವನು. ತರಗತಿಯಿಲ್ಲ, ಎರಡು ವಾರ ಬಿಟ್ಟು ಬಾ, ಎಂದು ಅವನಿಗೆ ಹೇಳಿದರೆ ಅವನು ಎರಡು ವಾರ ಬಿಟ್ಟು ಬರುವನೆಂದು ನಂಬುವವರು ಬಡವರ ಮನೆಯನ್ನು ನೋಡಿದವರಲ್ಲ. ಆ ಎರಡು ವಾರಗಳಲ್ಲಿ ಅವನು ಗ್ಯಾರೇಜಿನವನಾಗಿಬಿಟ್ಟಿರುತ್ತಾನೆ.

2025ರಲ್ಲಿ ವಿಷಯವು ಮತ್ತಷ್ಟು ಸ್ಪಷ್ಟವಾಯಿತು. ಆ ವರ್ಷ ಕೃಪಾಂಕದ ಔದಾರ್ಯವನ್ನು ಸರಕಾರದವರು ಕೈಬಿಟ್ಟರು, ಸರಿಯಾಗಿಯೇ ಬಿಟ್ಟರು. ಫಲಿತಾಂಶವು ಮೇ 2ರಂದು ಬಂದಿತು. ತೇರ್ಗಡೆಯು ನೂರಕ್ಕೆ 66.14. ಎರಡನೆಯ ಪರೀಕ್ಷೆಯು ಮೇ 26ರಂದೇ ತೊಡಗಿತು. ರಜೆಯು ಏಪ್ರಿಲ್ 11ರಿಂದ ಮೇ 28ರವರೆಗೆ. ಎಂದರೆ ಸೋತ ಮಗುವಿಗೆ ಸೋತೆನೆಂದು ತಿಳಿಯುವುದೂ ರಜೆಯಲ್ಲಿ, ಓದಬೇಕಾದುದೂ ರಜೆಯಲ್ಲಿ, ಪುನಃ ಪರೀಕ್ಷೆಗೆ ಕುಳಿತುಕೊಳ್ಳಬೇಕಾದುದೂ ರಜೆಯಲ್ಲಿ! ಹೀಗಾದ ಬಳಿಕ ಬೇಸಿಗೆಯ ತರಗತಿಯು ಉತ್ಸಾಹಿಗಳ ಅಲಂಕಾರವಾಗಿ ಉಳಿಯಲಿಲ್ಲ. ಶಾಲಾವರ್ಷದ ಒಂದು ಅಂಗವಾಯಿತು. ಮೂರು ಪರೀಕ್ಷೆಗಳ ಪದ್ಧತಿಯನ್ನು ತಂದವರು, ತಿಳಿದೋ ತಿಳಿಯದೆಯೋ, ಶಾಲಾವರ್ಷವನ್ನು ಮೇ ತಿಂಗಳೊಳಕ್ಕೆ ಚಾಚಿದರು. ಪರೀಕ್ಷೆಯ ಪಂಚಾಂಗವು ಬದಲಾಯಿತು. ಉಪಾಧ್ಯಾಯರ ಪಂಚಾಂಗವು ಹಳೆಯದೇ ಉಳಿಯಿತು. ಎರಡರ ನಡುವಣ ಈ ಬಿರುಕಿನಲ್ಲಿಯೇ ತರಗತಿಗಳು ಬಿದ್ದುಹೋಗುತ್ತಿರುವುದು. ಯಾವನೋ ಒಬ್ಬ ಅಧಿಕಾರಿಯ ಮರೆವಿನಿಂದಾಗಲಿ, ಯಾವನೋ ಒಬ್ಬ ಉಪಾಧ್ಯಾಯನ ಸೋಮಾರಿತನದಿಂದಾಗಲಿ ಇದು ಆಗುತ್ತಿರುವುದಲ್ಲ.

ಈ ಹಳೆಯ ಪಂಚಾಂಗವನ್ನು ಸ್ವಲ್ಪ ಬಿಡಿಸಿ ನೋಡೋಣ. ನಮ್ಮ ಸರಕಾರಿ ಶಾಲೆಗಳಲ್ಲಿ ಖಾಯಂ ಉಪಾಧ್ಯಾಯರ ಹುದ್ದೆಗಳು ಸಾವಿರಗಟ್ಟಲೆ ಬರಿದಾಗಿ, ಆ ಸ್ಥಾನಗಳನ್ನು "ಅತಿಥಿ ಶಿಕ್ಷಕ"ರಿಂದ ತುಂಬಿಸುವ ಪದ್ಧತಿಯು ಬೇರೂರಿದೆ. 2025-26ನೆಯ ಸಾಲಿಗೆ ಹೀಗೆ ನೇಮಿಸಿಕೊಳ್ಳಲು ಅನುಮತಿ ದೊರೆತುದು 51,000 ಮಂದಿಗೆ: ಪ್ರಾಥಮಿಕ ಶಾಲೆಗಳಿಗೆ 40,000, ಪ್ರೌಢಶಾಲೆಗಳಿಗೆ 11,000. ಗೌರವಧನವು ತಿಂಗಳಿಗೆ ಪ್ರಾಥಮಿಕದಲ್ಲಿ 12,000 ರೂಪಾಯಿ, ಪ್ರೌಢಶಾಲೆಯಲ್ಲಿ 12,500 ರೂಪಾಯಿ. ತಿಥಿಯನ್ನು ನೋಡದೆ ಬರುವವನು ಅತಿಥಿಯೆಂದು ನಮ್ಮ ಹಿರಿಯರು ಅರ್ಥ ಹೇಳುತ್ತಿದ್ದರು. ಈ ಅತಿಥಿಗಾದರೋ ಹೋಗುವ ತಿಥಿಯೊಂದು ಖಚಿತವಾಗಿ ಉಂಟು: ಶಾಲಾವರ್ಷ ಮುಗಿಯಿತೆಂದರೆ ಅವನ ನೇಮಕವೂ ಮುಗಿಯಿತು, ಗೌರವಧನವೂ ನಿಂತಿತು. ವರ್ಷವೆಲ್ಲ ಗಣಿತವನ್ನೋ ವಿಜ್ಞಾನವನ್ನೋ ಕಲಿಸಿದವನು ಅವನು. ಯಾವ ಹುಡುಗನಿಗೆ ಯಾವ ಲೆಕ್ಕ ತಿಳಿಯದೆಂಬುದನ್ನು ಬಲ್ಲವನು ಅವನು. ಮೇ ತಿಂಗಳಲ್ಲಿ ಅದೇ ಹುಡುಗನಿಗೆ ವಿಶೇಷ ತರಗತಿ ಬೇಕಾದಾಗ ಕಾಗದದ ಮೇಲೆ ಅವನು ಉಪಾಧ್ಯಾಯನೇ ಅಲ್ಲ. ಎಲ್ಲೋ ಮದುವೆಯ ಮನೆಯಲ್ಲಿ ಬಡಿಸುವ ಕೆಲಸಕ್ಕೋ, ಅಂಗಡಿಯ ಲೆಕ್ಕ ಬರೆಯುವುದಕ್ಕೋ ಹೋಗಿರುತ್ತಾನೆ. ಹೊಟ್ಟೆಗೆ ಬೇಸಿಗೆ ರಜೆಯಿಲ್ಲವಷ್ಟೆ.

ಖಾಯಂ ಉಪಾಧ್ಯಾಯರ ನೇಮಕಕ್ಕಾದರೂ ವೇಗವುಂಟೇ? 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಪರೀಕ್ಷೆ ನಡೆಯಿತು. 13,352 ಮಂದಿಯ ಪಟ್ಟಿ ಸಿದ್ಧವಾಗಿ, ಜಾತಿ ಪ್ರಮಾಣಪತ್ರದಲ್ಲಿ ಇರಬೇಕಾದುದು ಗಂಡನ ಹೆಸರೋ ತಂದೆಯ ಹೆಸರೋ ಎಂಬ ವ್ಯಾಜ್ಯವು ಹೈಕೋರ್ಟನ್ನು ಮುಟ್ಟಿ, ಆಯ್ಕೆಯಾದವರು ಶಾಲೆಯ ಮೆಟ್ಟಿಲನ್ನು ಹತ್ತುವಷ್ಟರಲ್ಲಿ 2023ನೆಯ ಇಸವಿಯೂ ಮುಗಿಯುತ್ತ ಬಂದಿದ್ದಿತು. ಅಷ್ಟರಲ್ಲಿ ಎಷ್ಟು ಮಂದಿ ನಿವೃತ್ತರಾದರೋ!

ಖಾಯಂ ಉಪಾಧ್ಯಾಯರಿಗೆ ರಜೆ ಉಂಟಲ್ಲ, ಸಂಬಳವೂ ಉಂಟಲ್ಲ, ಅವರೇಕೆ ಬಾರದಿರಬೇಕು, ಎಂದು ಕೇಳುವ ಮಹಾಶಯರು ನಮ್ಮ ವಾಚಕರಲ್ಲಿಯೂ ಇದ್ದಾರೆ. ಅವರಲ್ಲಿ ಅನೇಕರು ಸ್ವತಃ ಸರಕಾರಿ ನೌಕರರಾದುದರಿಂದ ಒಂದು ವಿಷಯವನ್ನು ನೆನಪಿಸುತ್ತೇವೆ. ಇತರ ಇಲಾಖೆಗಳ ನೌಕರನಿಗೆ ವರ್ಷಕ್ಕೆ 30 ದಿನಗಳ ಗಳಿಕೆ ರಜೆಯುಂಟು, ಉಪಾಧ್ಯಾಯನಿಗೆ 10. ಬೇಸಿಗೆಯ ರಜೆಯಿದೆಯೆಂಬ ಕಾರಣದಿಂದಲೇ ಈ ಕಡಿತ. ಆದುದರಿಂದ ಬೇಸಿಗೆಯ ರಜೆಯು ಸರಕಾರದವರು ಕೊಟ್ಟ ಬಕ್ಷೀಸಲ್ಲ. ಅವನು ಬೇರೆ ಕಡೆ ಬಿಟ್ಟುಕೊಟ್ಟುದಕ್ಕೆ ಪಡೆದ ಪ್ರತಿಫಲ. ರಜೆಯಲ್ಲಿ ದುಡಿಸಿದರೆ ಅದಕ್ಕೆ ತಕ್ಕಷ್ಟು ಗಳಿಕೆ ರಜೆಯನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದು ಧರ್ಮವೂ ಹೌದು, ನಿಯಮದಲ್ಲಿ ಎಡೆಯೂ ಉಂಟು. ಆದರೆ ವಿಶೇಷ ತರಗತಿಯ ಅಪ್ಪಣೆಯೊಡನೆಯೇ ಈ ಮಾತನ್ನೂ ಬರೆದುಕೊಟ್ಟರೆ ಯಾರೂ ಬೇಡಿಕೆಯ ಪತ್ರ ಹಿಡಿದು ಅಲೆಯಬೇಕಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಅಷ್ಟಾಗಿ ಯಾರೂ ಗಮನಿಸಿದಂತಿಲ್ಲ. ಉಪಾಧ್ಯಾಯನನ್ನು ಪಾಠದಿಂದ ಎಳೆದು ಬೇರೆ ಕೆಲಸಗಳಿಗೆ ಹಚ್ಚಬಾರದೆಂದು ನಮ್ಮ ಕಾನೂನು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆಗಳನ್ನು ಮಾತ್ರ ಬಿಟ್ಟು ಉಳಿದುದೆಲ್ಲವನ್ನೂ ನಿಷೇಧಿಸುತ್ತದೆ. ಮತದಾರರ ಪಟ್ಟಿಯೇ ಮೊದಲಾದ ಕೆಲಸಗಳಿಗೆ ಉಪಾಧ್ಯಾಯರನ್ನು ರಜಾದಿನಗಳಲ್ಲಿಯೂ ಪಾಠವಿಲ್ಲದ ವೇಳೆಯಲ್ಲಿಯೂ ಬಳಸಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯವು 2007ರ ಡಿಸೆಂಬರಿನಲ್ಲಿಯೇ ತೀರ್ಪು ಕೊಟ್ಟಿದೆ. ಪಾಠದ ದಿನವನ್ನು ಕಾಪಾಡುವ ಸದುದ್ದೇಶದಿಂದ ಆದ ಮಾತು ಅದು. ನಾವು ಅದನ್ನು ಆಕ್ಷೇಪಿಸುವುದಿಲ್ಲ. ಆದರೆ ಪರಿಣಾಮವೇನು? ಪಾಠದ ದಿನಕ್ಕೆ ಬೇಲಿ ಬಿದ್ದಿತು. ರಜೆಯ ದಿನವು ಗೋಮಾಳವಾಯಿತು, ಯಾರ ದನವಾದರೂ ಮೇಯಬಹುದು. ಚುನಾವಣೆಯವರಿಗೂ ಅದೇ ಬೇಕು, ಗಣತಿಯವರಿಗೂ ಅದೇ ಬೇಕು, ತರಬೇತಿಯವರಿಗೂ ಅದೇ ಬೇಕು. 2025ರ ದಸರೆಯಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಉಪಾಧ್ಯಾಯರು ಮನೆಮನೆ ತಿರುಗಿದರು. ಅದು ಗೊತ್ತಾದ ಅವಧಿಯಲ್ಲಿ ಮುಗಿಯದೆ, ಸರಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನೇ ಅಕ್ಟೋಬರ್ 8ರಿಂದ 18ರವರೆಗೆ ಎಳೆಯಬೇಕಾಯಿತು. ರಜೆಯ ಬೇಲಿಯಿಲ್ಲದ ಹೊಲವನ್ನು ಮೇಯ್ದ ದನವು ಆ ಸಲ ಪಾಠದ ಗದ್ದೆಗೂ ನುಗ್ಗಿತು. 2027ರ ಜನಗಣತಿಯ ಮನೆಪಟ್ಟಿಯ ಕೆಲಸಕ್ಕೆ ಕೇಂದ್ರ ಸರಕಾರದವರು ಗೊತ್ತುಮಾಡಿದ ಅವಧಿಯು 2026ರ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ. ಗಣತಿಯೂ ರಾಷ್ಟ್ರಕಾರ್ಯವೇ, ಚುನಾವಣೆಯೂ ರಾಷ್ಟ್ರಕಾರ್ಯವೇ. ಸೋತ ಹುಡುಗನಿಗೆ ಲೆಕ್ಕ ಹೇಳಿಕೊಡುವುದು ಮಾತ್ರ ರಾಷ್ಟ್ರಕಾರ್ಯವಲ್ಲವೇ? ಎಲ್ಲ ರಾಷ್ಟ್ರಕಾರ್ಯಗಳೂ ಅದೇ ನಲವತ್ತೆಂಟು ದಿನಗಳ ಮೇಲೆ, ಅದೇ ಒಬ್ಬ ಉಪಾಧ್ಯಾಯನ ಹೆಗಲ ಮೇಲೆ ಬಿದ್ದರೆ, ಎಲ್ಲಕ್ಕಿಂತ ಬಾಯಿಲ್ಲದ ಕೆಲಸವು ಮೊದಲು ಕೆಳಗೆ ಬೀಳುವುದು ಸಹಜ.

ಉಪಾಧ್ಯಾಯರ ಸಂಘಗಳಿಗೂ ಒಂದು ಮಾತನ್ನು ಹೇಳದಿದ್ದರೆ ನಾವು ಪಕ್ಷಪಾತಿಗಳಾದೇವು. ಮೂರು ಪರೀಕ್ಷೆಗಳ ಪದ್ಧತಿಯನ್ನು ಸಾರಿದ ದಿನವೇ ಮೇ ತಿಂಗಳಿನ ಗತಿಯೇನೆಂದು ಅವರು ಕೇಳಬೇಕಾಗಿದ್ದಿತು. ಕೇಳದೆ, ತರಗತಿ ತೊಡಗುವ ಹೊತ್ತಿಗೆ ಎಚ್ಚತ್ತುದರಿಂದ ಅವರ ನ್ಯಾಯವಾದ ಬೇಡಿಕೆಯೂ ಮಕ್ಕಳ ವಿರುದ್ಧ ಎತ್ತಿದ ಕೈಯಂತೆ ಜನರಿಗೆ ಕಂಡಿತು. ಆ ವರ್ಷ ವಿಧಾನ ಪರಿಷತ್ತಿಗೆ ಶಿಕ್ಷಕರ ಕ್ಷೇತ್ರಗಳಿಂದ ಚುನಾವಣೆಯು ಜೂನ್ 3ರಂದು ನಡೆಯಿತು. ನಮ್ಮ ಉಡುಪಿಯೂ ನೈಋತ್ಯ ಶಿಕ್ಷಕರ ಕ್ಷೇತ್ರಕ್ಕೆ ಸೇರಿದುದು. ಅಪ್ಪಣೆಯ ಬದಲಾವಣೆಗೂ ಆ ಚುನಾವಣೆಗೂ ಸಂಬಂಧ ಕಲ್ಪಿಸಲು ನಮ್ಮಲ್ಲಿ ಆಧಾರವಿಲ್ಲ. ಆದರೆ ಆ ಮೇ ತಿಂಗಳಲ್ಲಿ ಉಪಾಧ್ಯಾಯರಿಗೆ ಮತವಿದ್ದಿತು, ಸೋತ ಮಕ್ಕಳಿಗೆ ಇರಲಿಲ್ಲ, ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ನಮ್ಮ ಜಿಲ್ಲೆಗೆ ಇದರ ಗೊಡವೆಯೇನು, ಉಡುಪಿಯು 2024ರಲ್ಲಿ ನೂರಕ್ಕೆ 94 ತೇರ್ಗಡೆಯಾಗಿ ರಾಜ್ಯಕ್ಕೇ ಮೊದಲನೆಯದಾಗಲಿಲ್ಲವೇ, 2025ರಲ್ಲಿಯೂ 89.96 ಪಡೆದು ದಕ್ಷಿಣ ಕನ್ನಡದ ಹಿಂದೆಯೇ ನಿಲ್ಲಲಿಲ್ಲವೇ, ಎಂದು ಹೆಮ್ಮೆಪಡುವವರಿದ್ದಾರೆ. ಹೆಮ್ಮೆಯು ಯುಕ್ತವೇ. ಆದರೆ ನೂರಕ್ಕೆ ಐವತ್ತು ಮಂದಿ ಸೋಲುವ ಯಾದಗಿರಿಯಲ್ಲಿ ಸೋತ ಹುಡುಗನಿಗೆ ಜೊತೆಗಾರರಾದರೂ ಇರುತ್ತಾರೆ. ತೊಂಬತ್ತನಾಲ್ಕು ಮಂದಿ ಗೆಲ್ಲುವ ಊರಿನಲ್ಲಿ ಸೋತ ಆರು ಮಂದಿ ಮುಖ ತೋರಿಸಲು ನಾಚಿ ಮನೆಯ ಹಿಂಬದಿಯಲ್ಲಿ ಕುಳಿತಿರುತ್ತಾರೆ. ಅವರು ಯಾರ ಮಕ್ಕಳು? ಮಣಿಪಾಲದ ಕಟ್ಟಡಗಳಿಗೆ ಕಲ್ಲು ಹೊರಲು ಬಾಗಿಲುಕೋಟೆ, ಕೊಪ್ಪಳ, ಗದಗಗಳಿಂದ ಬಂದು ಬೀಡಿನಗುಡ್ಡೆಯಂತಹ ಕಡೆಗಳಲ್ಲಿ ಬಿಡಾರ ಹೂಡಿದವರ ಮಕ್ಕಳಿದ್ದಾರೆ. ಮಲ್ಪೆಯ ದಕ್ಕೆಯಲ್ಲಿ ದುಡಿಯುವವರ ಮಕ್ಕಳಿದ್ದಾರೆ. ಕಡಿಯಾಳಿಯ ಗೋಡೆಗಳ ಮೇಲಿನ ಹಣದ ಶಿಬಿರಗಳು ಅವರಿಗಾಗಿ ಇರುವುವಲ್ಲ. ಸರಕಾರದ ತರಗತಿಯೊಂದೇ ಅವರಿಗೆ ಗತಿ. ಅದು ತಪ್ಪಿದರೆ ಬೇರೆ ಬಾಗಿಲಿಲ್ಲ.

ಹೇಳಿದ ದಿನಕ್ಕೆ ಹೇಳಿದವರು ಬಂದು ನಿಲ್ಲುವುದೆಂಬುದು ಈ ನಾಡಿಗೆ ಹೊಸತೂ ಅಲ್ಲ. ಮಂದಾರ್ತಿಯ, ಕಟೀಲಿನ ಮೇಳಗಳ ಹರಕೆಯಾಟಗಳಿಗೆ ಹಲವು ವರ್ಷಗಳ ಮುಂಚೆಯೇ ದಿನ ಗೊತ್ತಾಗಿರುತ್ತದೆ. ದೀಪಾವಳಿಯ ಬಳಿಕ ಹೊರಟ ಮೇಳವು ಪತ್ತನಾಜೆಯವರೆಗೆ ಊರೂರು ತಿರುಗುವಾಗ, ಕಲಾವಿದನಿಗೆ ಜ್ವರ ಬಂದುದೂ ಉಂಟು, ಮನೆಯಲ್ಲಿ ಸೂತಕವಾದುದೂ ಉಂಟು. ಆದರೆ ಇಂದು ವೇಷಧಾರಿಯಿಲ್ಲ, ಆದುದರಿಂದ ಆಟವಿಲ್ಲ, ಎಂದು ಹರಕೆಯವನ ಅಂಗಳದಲ್ಲಿ ನಿಂತು ಹೇಳುವ ಯಜಮಾನನನ್ನು ಯಾರು ಕಂಡಿದ್ದಾರೆ? ಚೌಕಿಯಲ್ಲಿ ಆ ವೇಷಕ್ಕೆ ಬಣ್ಣ ಹಚ್ಚಿಕೊಳ್ಳಬಲ್ಲ ಎರಡನೆಯವನೊಬ್ಬನು ಇದ್ದೇ ಇರುತ್ತಾನೆ. ಇರುವಂತೆ ಮೊದಲೇ ನೋಡಿಕೊಂಡಿರುತ್ತಾರೆ.

1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿಯನ್ನು ತೊಡಗಿದರು. ದಿನಕ್ಕೆ ಎರಡಾಣೆ. ಬ್ಯಾಂಕಿನ ಮುಖವನ್ನೇ ನೋಡದ ನೇಕಾರನೂ ಮೀನು ಮಾರುವ ಹೆಂಗಸೂ ಅದನ್ನು ನಂಬಿದುದು ಬಡ್ಡಿಯ ದರವನ್ನು ಲೆಕ್ಕ ಹಾಕಿ ಅಲ್ಲ. ಏಜಂಟನು ದಿನದಿನವೂ ಬಾಗಿಲಿಗೆ ಬರುತ್ತಿದ್ದನು. ಅವನು ಬಂದುದೇ ಆ ಬ್ಯಾಂಕಿನ ಬಂಡವಾಳ. ಎರಡು ದಿನ ಬಾರದಿದ್ದರೆ ಮೂರನೆಯ ದಿನ ಎರಡಾಣೆಯು ಗಡಂಗಿನ ಪಾಲಾಗುತ್ತಿದ್ದಿತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾದರೂ, ಅದು ಬೆಳೆದ ಬಗೆಯನ್ನು ನಮ್ಮ ಪೇಟೆಯ ಹಿರಿಯರು ಮರೆತಿಲ್ಲ. ಸೋತ ಮಗುವಿನ ಉತ್ಸಾಹವೂ ಅಂತಹ ಎರಡಾಣೆಯ ಬಾಬತ್ತೇ.

ಹಣವನ್ನು ಸುರಿದರೆ ಎಲ್ಲವೂ ಸರಿಹೋಗುವುದೆಂದು ತಿಳಿಯುವವರು ಅಮೇರಿಕಾದ ಅನುಭವವನ್ನು ನೋಡಬಹುದು. ಕೊರೋನಾ ವ್ಯಾಧಿಯಿಂದ ಹಿಂದೆ ಬಿದ್ದ ಮಕ್ಕಳಿಗಾಗಿ ಅಲ್ಲಿಯ ಸರಕಾರವು 2021ರ ಮಾರ್ಚಿಯಲ್ಲಿ ಒಂದು ಕಾನೂನಿನ ಮೂಲಕ ಶಾಲೆಗಳಿಗೆ 122 ಶತಕೋಟಿ ಡಾಲರುಗಳನ್ನು ತೆಗೆದಿರಿಸಿ, ಬೇಸಿಗೆಯ ತರಗತಿಗಳಿಗೂ ಅದರಲ್ಲಿ ಪಾಲು ಮಾಡಿತು. ಆದರೂ ಆ ಬೇಸಿಗೆಯಲ್ಲಿ ಅನೇಕ ಕಡೆ ದಣಿದ ಉಪಾಧ್ಯಾಯರು ಬಾರದೆ, ಹೆಸರು ಕೊಟ್ಟ ಮಕ್ಕಳನ್ನು ಕಾಯುವವರ ಪಟ್ಟಿಯಲ್ಲಿ ಇಡಬೇಕಾಯಿತು. ಅಲ್ಲಿ ಹಣವಿದ್ದಿತು, ಜನರಿರಲಿಲ್ಲ. ಇಲ್ಲಿ ಜನರಿದ್ದಾರೆ, ಅವರನ್ನು ಏಪ್ರಿಲಿನಲ್ಲಿ ಮನೆಗೆ ಕಳುಹಿಸಿ ಮೇ ತಿಂಗಳಿನಲ್ಲಿ ಹುಡುಕುತ್ತೇವೆ.

ಮುಂಚಿತವಾಗಿ ನಿಶ್ಚಯಿಸಿದರೆ ನಮ್ಮಲ್ಲಿಯೂ ನಡೆಯುವುದೆಂಬುದಕ್ಕೆ ನಿದರ್ಶನಗಳಿಲ್ಲದಿಲ್ಲ. 2022ರಲ್ಲಿ "ಕಲಿಕಾ ಚೇತರಿಕೆ"ಯ ವರ್ಷವೆಂದು ಸಾರಿ, ಶಾಲೆಗಳನ್ನು ಸುಮಾರು ಎರಡು ವಾರ ಮುಂಚೆಯೇ, ಮೇ 16ರಂದು, ತೆರೆದರು. ಗೊಣಗಾಟ ಕೇಳಿಬಂದರೂ ಶಾಲೆಗಳು ತೆರೆದವು. ರಾಜ್ಯದಲ್ಲಿರುವ 5,600ಕ್ಕೂ ಮೇಲ್ಪಟ್ಟ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಚಿನ ವರ್ಷಗಳಲ್ಲಿ ಮಕ್ಕಳಿಗೆ ಬೇಸಿಗೆ ಶಿಬಿರಗಳನ್ನು ನಡೆಸತೊಡಗಿವೆ. ಅಲ್ಲಿಯ ಮೇಲ್ವಿಚಾರಕರಿಗೆ ಸಿಗುವುದೂ ಅಲ್ಪ ಸಂಭಾವನೆಯೇ. ಆದರೆ ಅವರು ವರ್ಷದ ಹನ್ನೆರಡು ತಿಂಗಳೂ ಆ ಊರಿನವರು, ಬೀಗದ ಕೈ ಅವರ ಸೊಂಟದಲ್ಲಿರುತ್ತದೆ.

ಹಾಗಾದರೆ ಆಗಬೇಕಾದುದೇನು? ಎಸ್.ಎಸ್.ಎಲ್.ಸಿ. ಮಕ್ಕಳಿಗೆ ವರ್ಷವೆಲ್ಲ ಕಲಿಸಿದ ಅತಿಥಿ ಶಿಕ್ಷಕರಲ್ಲಿ ಒಪ್ಪಿದವರನ್ನು ಎರಡನೆಯ ಪರೀಕ್ಷೆ ಮುಗಿಯುವ ತನಕ ನೇಮಕದಲ್ಲಿಯೇ ಉಳಿಸಿಕೊಳ್ಳಬೇಕು. ಖರ್ಚಿನ ಭಯವೇ? ಪ್ರೌಢಶಾಲೆಗಳ 11,000 ಮಂದಿಯೆಲ್ಲರೂ ಬೇಕಾಗಲಾರರು. 10,000 ಮಂದಿಯೆಂದೇ ಹಿಡಿಯೋಣ. ತಿಂಗಳಿಗೆ 12,500ರಂತೆ ಒಂದು ತಿಂಗಳಿಗೆ ಹನ್ನೆರಡೂವರೆ ಕೋಟಿ ರೂಪಾಯಿಗಳಾಗುವುವು. 2025-26ರ ಮುಂಗಡಪತ್ರದಲ್ಲಿ ಶಿಕ್ಷಣಕ್ಕೆ ತೆಗೆದಿರಿಸಿದುದು 45,286 ಕೋಟಿ. ಸಾವಿರ ರೂಪಾಯಿಗೆ ನಾಲ್ಕಾಣೆಗಿಂತ ತುಸು ಹೆಚ್ಚು! ಇಷ್ಟನ್ನು ಉಳಿಸಿದರೆಂದು ನಮ್ಮ ಅರ್ಥಸಚಿವರನ್ನು ಯಾರೂ ಹೊಗಳಲಾರರು.

ಖಾಯಂ ಉಪಾಧ್ಯಾಯರಲ್ಲಿ ಯಾರ ರಜೆ ಬೇಕೋ ಅವರಿಗೆ ಜನವರಿಯಲ್ಲಿಯೇ ಅದನ್ನು ತಿಳಿಸಿ, ಬದಲಿಗೆ ಸಲ್ಲುವ ಗಳಿಕೆ ರಜೆಯನ್ನು ಅದೇ ಅಪ್ಪಣೆಯಲ್ಲಿ ಬರೆದುಕೊಡಲಿ. ವಿಶೇಷ ತರಗತಿಗೆ ನಿಯುಕ್ತನಾದವನ ಹೆಸರನ್ನು ಚುನಾವಣೆಯ, ಗಣತಿಯ ಪಟ್ಟಿಗಳಿಂದ ತೆಗೆಯುವ ಅಧಿಕಾರವು ಜಿಲ್ಲಾಧಿಕಾರಿಗಳ ಕೈಯಲ್ಲಿಯೇ ಇದೆ. ಎರಡು ಪಟ್ಟಿಗಳೂ ಒಂದೇ ಮೇಜಿನ ಮೇಲಿಂದ ಹೊರಡುವುವು. ನಿವೃತ್ತರಾದ ಉಪಾಧ್ಯಾಯರಿಗೆ ಉಡುಪಿಯಲ್ಲಿ ಕೊರತೆಯಿಲ್ಲ. ಶಿಕ್ಷಕರ ತರಬೇತಿ ಪಡೆಯುತ್ತಿರುವ ತರುಣರೂ ಇಲ್ಲಿದ್ದಾರೆ. ಮೇಳದ ಚೌಕಿಯಲ್ಲಿರುವ ಎರಡನೆಯ ವೇಷಧಾರಿಯಂತೆ ಪ್ರತಿಯೊಂದು ಶಾಲೆಗೂ ಇವರಲ್ಲಿ ಒಬ್ಬಿಬ್ಬರ ಹೆಸರು ಗೊತ್ತಾಗಿರಲಿ. ಬಂದವರಿಗೆ ಬಸ್ಸಿನ ಖರ್ಚನ್ನೂ ಊಟದ ಖರ್ಚನ್ನೂ ಕೊಡುವ ಏರ್ಪಾಡು ಇರಲಿ. ಸೇವೆಯೆಂದು ಹೇಳಿ ಬರಿಗೈಯಲ್ಲಿ ದುಡಿಸುವ ಅಭ್ಯಾಸವು ಈ ಜಿಲ್ಲೆಯಲ್ಲಿ ಸ್ವಲ್ಪ ಹೆಚ್ಚು.

ಖಾಸಗಿ ಶಿಬಿರಗಳವರಿಗೆ ನಾವು ಹೇಳುವುದು ಬಹಳವಿಲ್ಲ. ಕಲಿಸುವವರ ಹೆಸರಿಲ್ಲದ ಜಾಹೀರಾತನ್ನು ನೋಡಿ ಹಣ ಕಟ್ಟಬೇಡಿರೆಂದು ತಾಯಿತಂದೆಗಳಿಗೆ ಹೇಳುತ್ತೇವೆ. ಹೆಸರು ಕೇಳಿದಾಗ "ನುರಿತ ಶಿಕ್ಷಕರು" ಎಂಬ ಉತ್ತರ ಬಂದರೆ, ಆ ನುರಿತವರು ಇನ್ನೂ ದೊರೆತಿಲ್ಲವೆಂದು ತಿಳಿಯತಕ್ಕದ್ದು.

ಸರಕಾರಿ ತರಗತಿಗಳ ವಿಷಯದಲ್ಲಿ ಜಿಲ್ಲೆಯ ಶಿಕ್ಷಣಾಧಿಕಾರಿಗಳಲ್ಲಿ ನಮ್ಮ ಬೇಡಿಕೆಯು ಇಷ್ಟೇ. ಮುಂದಿನ ಬೇಸಿಗೆಯಲ್ಲಿ ವಿಶೇಷ ತರಗತಿ ನಡೆಯುವ ಪ್ರತಿಯೊಂದು ಶಾಲೆಯ ಬಾಗಿಲಿನಲ್ಲಿಯೂ, ಮಾರ್ಚಿ ತಿಂಗಳ ಪರೀಕ್ಷೆಯು ತೊಡಗುವ ಮುಂಚೆಯೇ, ಒಂದು ಕಾಗದವನ್ನು ಹಚ್ಚಲಿ: ಯಾವ ದಿನದಿಂದ ಯಾವ ದಿನದವರೆಗೆ ತರಗತಿ, ಯಾವ ವಿಷಯಕ್ಕೆ ಯಾರು, ಅವರು ಬಾರದಿದ್ದರೆ ಯಾರು. ಕೆಳಗೆ ಆ ಇಬ್ಬರ ರುಜುವೂ ಇರಲಿ. ಅಂತಹ ಪಟ್ಟಿಯನ್ನು ಕಳುಹಿಸಿಕೊಟ್ಟರೆ ಕಡಿಯಾಳಿಯಿಂದ ಕಾಪು, ಕಾರ್ಕಳಗಳವರೆಗಿನ ಎಲ್ಲ ಶಾಲೆಗಳದನ್ನೂ ನಾವು ಈ ಪತ್ರಿಕೆಯಲ್ಲಿ ಶುಲ್ಕವಿಲ್ಲದೆ ಪ್ರಕಟಿಸುತ್ತೇವೆ. ಕಳುಹಿಸದ ಶಾಲೆಗಳ ಹೆಸರುಗಳನ್ನೂ ಅದರ ಮಗ್ಗುಲಲ್ಲಿಯೇ ಪ್ರಕಟಿಸುತ್ತೇವೆ.